ದಿಬ್ಬದ ಬೀದಿಗೆ ಕೆಂಚಯ್ಯ ಹತ್ತಿಸಿದ ನೀರು

ತಿಮ್ಮಕ್ಕನ ಮೈದುನ ಕೆಂಚಯ್ಯ ಹುಟ್ಟಿದಾಗಿನಿಂದ ಒಂದು ಬಿಂದಿಗೆ ನೀರು ಹೊತ್ತವನಲ್ಲ. ಮೈಗೆ ನೀರು ಹುಯ್ಯುವುದಕ್ಕೂ ಇನ್ನೊಬ್ಬರು ಬೇಕು. ಅಂಥವನನ್ನೇ ಊರಿನವರು ನೀರಿನ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದರು. ಶೆಟ್ಟಿಕೆರೆಗೆ ಬಸ್ಸು ಹತ್ತುವಾಗಲೂ ಇಸ್ತ್ರಿ ಅಂಗಿ, ಬಾಯಿ ತುಂಬ ಮಾತು. ಊರಿಗೆ ಅಷ್ಟೇ ಸಾಕಾಯಿತು.

ಮನೆಮನೆಗೆ ನಲ್ಲಿ ಹಾಕಿಸಲು ಸರ್ಕಾರದ ಅನುದಾನ ಬಂದಿತ್ತು. ಟ್ಯಾಂಕು ದಿಬ್ಬದ ಮೇಲೆ ಆಗಬೇಕಿತ್ತು. ಕೆಂಚಯ್ಯ ಕಂಟ್ರಾಕ್ಟರನ ಹೆಗಲ ಮೇಲೆ ಕೈಹಾಕಿಕೊಂಡು ಅಡ್ಡಾಡಿ, ಅದನ್ನು ತಗ್ಗಿನಲ್ಲಿ ತನ್ನ ತೋಟದ ಬೇಲಿಗೆ ಅಂಟಿಕೊಂಡಂತೆ ಕಟ್ಟಿಸಿದ. ತುಂಬಿ ಚೆಲ್ಲಿದ ನೀರೆಲ್ಲ ಅವನ ತೆಂಗಿನ ಸಸಿಗಳಿಗೆ. ಕೆಳಬೀದಿಗೆ ನೀರು ಬಂತು. ತಿಮ್ಮಕ್ಕನ ಮನೆಯಿದ್ದ ದಿಬ್ಬದ ಬೀದಿಗೆ ಪೈಪು ಬಂತು, ನಲ್ಲಿ ಬಂತು, ನೀರು ಮಾತ್ರ ಹತ್ತಲಿಲ್ಲ. ಜನ ನಲ್ಲಿಯ ಕಂಬಕ್ಕೆ ಕರು ಕಟ್ಟಿದರು.

"ನೀರೇನು ಮೇಕೆಯೇನ್ಲಾ ಕೆಂಚ, ದಿಬ್ಬ ಹತ್ತಾಕೆ?" ಎಂದು ತಿಮ್ಮಕ್ಕ ಕೇಳಿದ್ದಳು.

"ನಿಂಗೇನ್ ಗೊತ್ತು, ಸುಮ್ಕಿರು ಅತ್ತಿಗೆ. ಪ್ರೆಸರ್ ಬತ್ತದೆ."

ಬೇಸಿಗೆ ಬಂತು, ಹೋಯಿತು, ಪ್ರೆಸರ್ ಬರಲಿಲ್ಲ. ಬಂದದ್ದು ಒಂದು ಸುದ್ದಿ. ತಾಲ್ಲೂಕಿನಿಂದ ಇಂಜಿನಿಯರಮ್ಮ ಬರುತ್ತಾಳೆ. ಎಲ್ಲ ಮನೆಗೂ ನೀರು ಬಂದಿದೆ ಎಂದು ಆಕೆ ಬರೆದರೆ ಯೋಜನೆ ಮುಗಿಯಿತು. ಆಮೇಲೆ ಈ ಬೀದಿಗೆ ಯಾರೂ ಮೊಳ ಪೈಪನ್ನೂ ಹಾಕುವುದಿಲ್ಲ. ಕೆಳಗಿನಿಂದ ನೀರು ಹೊತ್ತು ಹೊತ್ತು ತಿಮ್ಮಕ್ಕನ ಮಂಡಿ ಆಗಲೇ ಸವೆದಿತ್ತು. ಸೊಸೆ ದಾನೇಶ್ವರಿಯ ಸೊಂಟವೂ ಅದೇ ದಾರಿ ಹಿಡಿದಿತ್ತು.

ಕೆಂಚಯ್ಯ ಸದ್ದಿಲ್ಲದೆ ತನ್ನ ತೋಟದ ಮೋಟಾರಿನ ಪೈಪನ್ನು ದಿಬ್ಬದ ಲೈನಿಗೆ ಸೇರಿಸಿದ. ಇಂಜಿನಿಯರಮ್ಮ ಇರುವಷ್ಟು ಹೊತ್ತು ನೀರು ಹತ್ತಿದರೆ ಸಾಕಲ್ಲ!

ಇಂಜಿನಿಯರ್ ಕೃತಿಕಾ ಬಂದಳು. ಹೊಸ ನೀರಿಗೆ ಗಂಗೆಪೂಜೆ ಮಾಡುವುದು ಹೆಂಗಸರು. ಆದರೆ ಫೋಟೋ ತೆಗೆಯುವವರು ಇದ್ದರಲ್ಲ, ಕೆಂಚಯ್ಯನೇ ಮುಂದೆ ನುಗ್ಗಿದ. ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ತೋಟದಲ್ಲಿದ್ದ ಆಳಿಗೆ ಫೋನಿನಲ್ಲಿ ಮೆಲ್ಲಗೆ "ಮೋಟ್ರು ಬುಡ್ಲಾ" ಎಂದ. ನಲ್ಲಿ ಗೊರಗೊರ ಎಂದಿತು. ಕಣ್ಣು ಮುಚ್ಚಿಕೊಂಡು ಬೊಗಸೆಯೊಡ್ಡಿ, "ಗಂಗಮ್ಮ ತಾಯಿ" ಎಂದು ಮೊದಲ ಗುಟುಕನ್ನು ತೀರ್ಥದಂತೆ ನುಂಗಿದ.

ನುಂಗಿದ ಮೇಲೆ ವಾಸನೆ ಬಂತು. ಸಗಣಿ, ಗಂಜಲ, ಬೆಲ್ಲ, ಹುರುಳಿಹಿಟ್ಟು ಕಲಸಿ ಕೊಳೆಸಿದ ಜೀವಾಮೃತ! ತೆಂಗಿಗೆ ಅದನ್ನು ಅದೇ ಪೈಪಿನಲ್ಲಿ ಬಿಟ್ಟಿದ್ದ. ಆಮೇಲೆ ಪೈಪು ತೊಳೆದಿರಲಿಲ್ಲ. ಏನನ್ನಾದರೂ ತೊಳೆದ ಕೈಯೇ ಅದು?

"ಇನ್ನೊಂದ್ ಗುಟುಕು ತಗಳಿ ಚಿಕ್ಕಮಾವ, ಒಳ್ಳೆ ಫಸಲು ಬತ್ತದೆ" ಎಂದಳು ದಾನೇಶ್ವರಿ. ಬೀದಿಗೆ ಬೀದಿಯೇ ನಕ್ಕಿತು.

"ಏನ್ರೀ ಇದು ಅಧ್ಯಕ್ಷರೇ?" ಎಂದಳು ಕೃತಿಕಾ.

"ತುಕ್ಕು ಮೇಡಂ, ಹೊಸ ಪೈಪು..."

"ಪ್ಲಾಸ್ಟಿಕ್ ಪೈಪಿಗೆ ತುಕ್ಕಾ?"

ಕೆಂಚಯ್ಯ ಬಾಯಿ ಒರೆಸಿಕೊಂಡ. ಅವನಿಗೆ ಗೊತ್ತಿದ್ದ ಒಂದೇ ಕಸುಬಾದ ಮಾತೂ ಅಂದು ಕೈಕೊಟ್ಟಿತು. ಇಂಥವನ ಬಾಯಿಗೆ ಹೆದರಿ ಇಷ್ಟು ದಿನ ಊರು ಸುಮ್ಮನಿತ್ತಲ್ಲ ಎಂದು ತಿಮ್ಮಕ್ಕನಿಗೆ ಊರಿನ ಮೇಲೂ ಹೇಸಿಗೆಯಾಯಿತು.

"ಬಾರವ್ವ, ಈ ನೀರು ಎಲ್ಲಿಂದ ಬತ್ತದೆ ತೋರುಸ್ತೀನಿ" ಎಂದು, ನೋಯುವ ಮಂಡಿ ಹಿಡಿದುಕೊಂಡೇ ಕೃತಿಕಾಳನ್ನು ತೋಟಕ್ಕೆ ಕರೆದೊಯ್ದಳು. ಕೂಡಿಸಿದ ಪೈಪು ಅಲ್ಲೇ ಸೋರುತ್ತಿತ್ತು. ಕೃತಿಕಾ ಸಹಿ ಹಾಕಲಿಲ್ಲ. ದಿಬ್ಬದ ಮೇಲೆ ಟ್ಯಾಂಕು ಆಗುವವರೆಗೆ ಉಳಿದ ಅನುದಾನ ಬಿಡುವುದಿಲ್ಲ ಎಂದಳು. ಕಂಟ್ರಾಕ್ಟರ್ ಹಲ್ಲು ಕಡಿಯುತ್ತ ಬಂದು ಕಟ್ಟಿದ.

ನೀರು ಹತ್ತಿತು. ಕೆಂಚಯ್ಯ ಹುಳಿಯಾರಿನ ಹೋಟೆಲಿನಲ್ಲಿ ಕೂತು, "ನಾನೇ ಹಟ ಹಿಡ್ದು ಎರಡ್ನೇ ಟ್ಯಾಂಕು ತಂದೆ ಕಣ್ರೀ" ಎಂದು ಹೇಳಿಕೊಂಡು ತಿರುಗಿದ. ನಂಬುವವರೂ ಇದ್ದರು. ನೀರು ಬಂದ ಬೆಳಿಗ್ಗೆ ದಿಬ್ಬದ ಬೀದಿಗೂ ಬಂದು, ಅತ್ತಿಗೆಯ ನಲ್ಲಿಯ ಪಕ್ಕ ಎದೆಯುಬ್ಬಿಸಿ ನಿಂತ.

ತಿಮ್ಮಕ್ಕ ಅವನ ಮುಖವನ್ನೂ ನೋಡಲಿಲ್ಲ. "ಆ ಕಡೆ ಸರಿಯಪ್ಪ, ಬಕೀಟು ಇಡ್ಬೇಕು" ಎಂದಳು.