ಅಟ್ಟದ ಮೇಲಿನ ಸುದ್ದಿ

ರೇಡಿಯೋಗೆ ಲೈಸೆನ್ಸು ಇದ್ದ ಕಾಲದಲ್ಲಿ ನಮ್ಮಪ್ಪ ಪೋಸ್ಟಾಫೀಸಿಗೆ ಹೋಗಿ ಅದರ ದುಡ್ಡನ್ನು ತಪ್ಪದೆ ಕಟ್ಟಿ ಬರುತ್ತಿದ್ದ. ಕಟ್ಟಿ ಬಂದ ದಿನ ವಾರ್ತೆ ಕೇಳಲು ಕೂರುವ ಗತ್ತೇ ಬೇರೆ. "ಕಾಸು ಕೊಟ್ಟಿವ್ನಿ ಕಣ್ಲಾ. ಸುಳ್ಳು ಹೇಳಿದ್ರೆ ಕೇಳೋ ಹಕ್ಕೈತೆ ನಂಗೆ" ಎನ್ನುತ್ತಿದ್ದ. ಕೇಳಿದ್ದು ಮಾತ್ರ ಒಂದು ದಿನವೂ ಇಲ್ಲ. ಮಂತ್ರಿಗಳು ಉದ್ಘಾಟಿಸಿದರು, ಮಂತ್ರಿಗಳು ಕರೆ ಕೊಟ್ಟರು, ಮಂತ್ರಿಗಳು ವಿಷಾದಿಸಿದರು. ಆ ಡಬ್ಬಿ ಹೇಳುತ್ತಿದ್ದದ್ದು ಇಷ್ಟೇ. ಆದರೂ ಲೈಸೆನ್ಸು ರದ್ದಾಗಿ ಊರೆಲ್ಲ ಪುಕ್ಕಟೆಯಾಯಿತೆಂದು ಹಿಗ್ಗಿದಾಗ ಅಪ್ಪನ ಮುಖ ಸಪ್ಪಗಾಯಿತು.

ತಿಪಟೂರಿನಲ್ಲಿ ಹೈಸ್ಕೂಲು ಮೇಷ್ಟ್ರಾದ ಮೇಲೆ ನಾನು ಅಪ್ಪನ ಮಾತನ್ನೇ ಹಿಗ್ಗಿಸಿ ಸ್ಟಾಫ್‌ರೂಮಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ಸರ್ಕಾರದ ದುಡ್ಡು ತಿನ್ನುವುದು ಸರ್ಕಾರದ ಮಾತಾಡುತ್ತದೆ, ಜಾಹೀರಾತಿನ ದುಡ್ಡು ತಿನ್ನುವುದು ಸೋಪು ಮಾರುವವನ ಮಾತಾಡುತ್ತದೆ. ಜನರೇ ಮನೆಗಿಷ್ಟು ಅಂತ ಹಾಕಿ, ಯಾರ ಹಂಗೂ ಇಲ್ಲದ ಒಂದು ರೇಡಿಯೋ, ಒಂದು ಟೀವಿ ಸಾಕಿಕೊಳ್ಳಬೇಕು ಅಂತ. ವಿಜ್ಞಾನದ ಮೇಷ್ಟ್ರು "ಕೇಬಲ್‌ನೋನಿಗೆ ಕೊಡೋದೇ ಸಾಕಾಗೈತೆ ಕಣ್ರೀ" ಎಂದು ಟೀ ಹೀರುತ್ತಿದ್ದರು. ಹೀಗೆ ವಾದ ಮಾಡುತ್ತಿದ್ದರೆ ಎಂದಾದರೂ ಏನಾದರೂ ಸರಿಹೋದೀತು ಎಂಬ ಭ್ರಮೆ ಆಗ ನನಗಿತ್ತು. ಅದು ಹೋದದ್ದು ಇಪ್ಪತ್ತನಾಲ್ಕು ಗಂಟೆಯೂ ಸುದ್ದಿ ಹೇಳುವ ಚಾನೆಲ್‌ಗಳು ಕನ್ನಡಕ್ಕೆ ಬಂದ ಹೊಸದರಲ್ಲಿ, ನಮ್ಮ ಭಾವನವರ ಮನೆಯ ಅಟ್ಟದ ದೆಸೆಯಿಂದ.

ಅಕ್ಕನನ್ನು ಕೊಟ್ಟಿದ್ದು ಹೊನ್ನವಳ್ಳಿಗೆ. ಭಾವನವರದು ತೆಂಗಿನ ತೋಟ, ದೊಡ್ಡ ಅಟ್ಟದ ಹಳೇ ಮನೆ. ನಮ್ಮ ಕಡೆ ಕಾಯಿ ಕಿತ್ತ ತಕ್ಷಣ ಕೊಬ್ಬರಿ ಆಗಿಬಿಡುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಮೇಲೆ ಇಳಿಸಿ, ಸುಲಿದು, ಒಡೆದು, ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಹಾಕುವುದು. ಅವಸರಪಟ್ಟು ಇಳಿಸಿದರೆ ಹಸಿ ಕೊಬ್ಬರಿ ಸಿಗುತ್ತದೆ, ಮೂಟೆಯಲ್ಲೇ ಬೂಷ್ಟು ಹಿಡಿಯುತ್ತದೆ. ಮಗಳ ಮದುವೆ ಎದುರಿಗಿದ್ದಾಗಲೂ ಭಾವ ಆಗದ ಕಾಯಿಯನ್ನು ಇಳಿಸಿದವರಲ್ಲ. ಅವರ ದೊಡ್ಡಸ್ತಿಕೆ ಅಂತ ಏನಾದರೂ ಇದ್ದರೆ ಅದೊಂದೇ. ತಾರಸಿ ಮನೆ ಕಟ್ಟಿ ಅಟ್ಟ ಕಳೆದುಕೊಂಡ ಅಕ್ಕಪಕ್ಕದವರು ಕೂಡ ತಮ್ಮ ಕಾಯಿಯನ್ನು ಅವರ ಅಟ್ಟದಲ್ಲೇ ಹಾಕುತ್ತಿದ್ದರು. ಒಬ್ಬೊಬ್ಬರ ರಾಶಿಗೂ ನಡುವೆ ಒಂದು ಬಿದಿರು ಗಳ ಅಡ್ಡ, ಅಷ್ಟೇ. ಬಾಡಿಗೆ ಗೀಡಿಗೆ ಏನೂ ಇಲ್ಲ.

ಸಂಕ್ರಾಂತಿ ಹತ್ತಿರ ಬಂದಿತ್ತು. ಬೆಂಗಳೂರಿನಲ್ಲಿ ಎಳ್ಳುಬೆಲ್ಲಕ್ಕೆ ಕೊಬ್ಬರಿ ದುಬಾರಿಯಾಯಿತೆಂದು, ಯಾರು ಬಚ್ಚಿಟ್ಟಿದ್ದಾರೆ ಎಂದು ಹುಡುಕುತ್ತ ಒಂದು ಚಾನೆಲ್ಲಿನ ಜೀಪು ಹೊನ್ನವಳ್ಳಿಗೆ ಬಂತು. ಅಟ್ಟ ನೋಡಬೇಕು ಅಂದರು. ಟೀವಿಯವರು ತಮ್ಮ ಅಟ್ಟ ನೋಡಲು ಬಂದಿದ್ದಾರೆಂದು ಭಾವನಿಗೆ ಹಿಡಿಸಲಾರದಷ್ಟು ಸಂತೋಷ. ಎಳನೀರು ಕೆತ್ತಿ ಕೊಟ್ಟು, ತಾವೇ ಏಣಿ ಹಿಡಿದು ಹತ್ತಿಸಿದರು. ಮೈಕು ಹಿಡಿದ ಹುಡುಗಿ, "ಇಷ್ಟೊಂದು ಇದೆಯಲ್ಲ, ಯಾಕೆ ಮಾರ್ತಾ ಇಲ್ಲ?" ಎಂದು ಕೇಳಿದಳು.

"ಈಗ ಮಾರಾಕಿಲ್ಲ ಕಣವ್ವ. ಇನ್ನೂ ನೀರೈತೆ ಒಳ್ಗೆ. ಯುಗಾದಿ ಕಳೀಲಿ, ಆಮ್ಯಾಕೆ ನೋಡಾನ" ಎಂದರು ಭಾವ. ಅಕ್ಕ ಅಲ್ಲೇ ಪಕ್ಕದಲ್ಲಿದ್ದಳು.

ಸಂಜೆ ಟೀವಿಯಲ್ಲಿ ಬಂದದ್ದು "ಈಗ ಮಾರಾಕಿಲ್ಲ" ಎಂಬುದಷ್ಟೇ. ನೀರಿನ ಮಾತನ್ನೂ ಯುಗಾದಿಯ ಮಾತನ್ನೂ ಕತ್ತರಿಸಿ ಎಸೆದಿದ್ದರು. ಭಾವನ ಮುಖದ ಸುತ್ತ ಕೆಂಪು ಗೆರೆ, ಕೆಳಗೆ 'ಅಟ್ಟದಲ್ಲಿ ಅಕ್ರಮ ದಾಸ್ತಾನು' ಎಂಬ ದಪ್ಪಕ್ಷರ, ಹಿಂದೆ ಎದೆ ನಡುಗಿಸುವ ಡಮಡಮ. ನಡುವೆ ಬಿಡುವು ಕೊಟ್ಟು ಕೊಬ್ಬರಿ ಎಣ್ಣೆಯ ಜಾಹೀರಾತು ತೋರಿಸಿದರು. ಅದಕ್ಕೆ ನಗಬೇಕೋ ಅಳಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನೇ ಮತ್ತೆ ಮತ್ತೆ ಹಾಕಿದರು. ಭಾವ ಎದ್ದು ಹೋಗದೆ ಪ್ರತಿ ಸಲವೂ ನೋಡಿದರಂತೆ, ಈ ಸಲವಾದರೂ ಪೂರ್ತಿ ಮಾತು ಹಾಕುತ್ತಾರೇನೋ ಎಂದು.

ಅಧಿಕಾರಿಗಳು ಬಂದು ಅಟ್ಟಕ್ಕೆ ಬೀಗ ಜಡಿಯುತ್ತಾರೆ ಎಂದು ಊರಲ್ಲಿ ಗುಲ್ಲೆದ್ದಿತು. ಯಾವ ಅಧಿಕಾರಿಯೂ ಬರಲಿಲ್ಲ. ಬಂದವರು ಅಕ್ಕಪಕ್ಕದವರು, ತಮ್ಮ ತಮ್ಮ ಕಾಯಿ ಇಳಿಸಿಕೊಂಡು ಹೋಗಲು. ನಾನು ಆ ಭಾನುವಾರ ಹೋದಾಗ ಪಕ್ಕದ ಮನೆಯ ಅಜ್ಜಿಯ ರಾಶಿ ಇಳಿಯುತ್ತಿತ್ತು. ಹುಟ್ಟಿದಾಗಿನಿಂದ ಕೊಬ್ಬರಿಯಲ್ಲೇ ಬದುಕಿದ ಮುದುಕಿ. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ನೀರು ಕುಲುಕಿತು.

"ಇದಿನ್ನೂ ಆಗಿಲ್ಲ ಅಜ್ಜಿ" ಅಂದೆ.

"ಗೊತ್ತು ಕಣಪ್ಪ. ಕೆಡದಾದ್ರೆ ನಮ್ಮನೇಲೇ ಕೆಡ್ಲಿ ಬುಡು."

"ಭಾವ ಅಂಥೋರಾ? ನಿಮಗೆ ಗೊತ್ತಿಲ್ವಾ?"

"ನಾನೇನಂದೆ? ಟೀವೀಲಿ ಅವ್ನ ಬಾಯಲ್ಲೇ ಬಂತಲ್ಲ."

ಭಾವ ಪಡಸಾಲೆಯಲ್ಲೇ ಕೂತಿದ್ದರು. ಈ ಮಾತೆಲ್ಲ ಅವರ ಕಿವಿಗೆ ಬೀಳುತ್ತಿತ್ತು.

ನನಗೆ ರೋಷ ಬಂತು. ಚಾನೆಲ್ಲಿಗೆ ಫೋನು ಮಾಡಿದೆ. ಒಬ್ಬ ಇನ್ನೊಬ್ಬನಿಗೆ ಕೊಟ್ಟ, ಅವನು ಮತ್ತೊಬ್ಬನಿಗೆ. ಕೊನೆಗೆ ಸಿಕ್ಕವನು ಬಲು ಮರ್ಯಾದಸ್ಥ. ಎಲ್ಲವನ್ನೂ ಕೇಳಿಸಿಕೊಂಡು, "ಸಾರ್, ಮಾರಲ್ಲ ಅಂತ ಅವ್ರೇ ಹೇಳಿದ್ದು ನಿಜ ತಾನೇ?" ಎಂದ. ನಿಜ ಅಂದೆ. "ಮತ್ತೆ?" ಎಂದು ಇಟ್ಟುಬಿಟ್ಟ. ಅವರು ಒಂದಕ್ಷರ ಸುಳ್ಳು ಹೇಳಿರಲಿಲ್ಲ. ಅದಕ್ಕೇ ನನಗೆ ಹಿಡಿಯುವುದಕ್ಕೆ ಏನೂ ಸಿಕ್ಕಲಿಲ್ಲ.

ಕೊನೆಗೆ ಸರ್ಕಾರಿ ರೇಡಿಯೋಗೆ ನಮ್ಮ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದ ನನ್ನ ಹಳೇ ಸಹಪಾಠಿಯನ್ನು ಹಿಡಿದೆ. ಕಾಯಿ ಕೊಬ್ಬರಿಯಾಗಲು ವರ್ಷ ಬೇಕು ಎಂಬ ಒಂದು ಮಾತನ್ನು ಜನರಿಗೆ ಹೇಳಿಸು, ಸಾಕು ಎಂದು ಬೇಡಿಕೊಂಡೆ.

"ಲೇ, ಯಾರೋ ಹೇಳಿದ್ದಕ್ಕೆ ನಾವು ಉತ್ತರ ಕೊಡಂಗಿಲ್ಲ ಕಣ್ಲಾ" ಎಂದ. "ಡೀಸಿ ಆಫೀಸಿಂದ ಬಂದ್ರೆ ಓದ್ತಾರೆ. ಇಲ್ದಿದ್ರೆ ಇಲ್ಲ."

"ರೈತರ ಕಾರ್ಯಕ್ರಮದಲ್ಲಿ ಹೇಳಿಸು."

"ಅದ್ರ ಟೈಮೇ ಕಮ್ಮಿ ಮಾಡವ್ರೆ. ದುಡ್ಡಿಲ್ವಂತೆ. ಈಗ ಗೊಬ್ಬರದ ಕಂಪನಿಯೋರು ಪ್ರಾಯೋಜಕರು, ಅವ್ರ ಗೊಬ್ಬರದ ಬಗ್ಗೆ ಬೇಕಾದ್ರೆ ಹೇಳು, ಹಾಕುಸ್ತೀನಿ." ಅವನು ತಮಾಷೆ ಮಾಡುತ್ತಿರಲಿಲ್ಲ. ಅವನಿಗೂ ನಾಚಿಕೆಯಾಗಿತ್ತು, ನನಗೆ ಕಾಫಿ ಕುಡಿಸಿ ಕಳಿಸಿದ.

ಮುಂದಿನ ವಾರ ಹೊನ್ನವಳ್ಳಿಗೆ ಹೋಗಿ ಭಾವನಿಗೆ ಇದನ್ನೆಲ್ಲ ಹೇಳಿದೆ. ಅವರು ಎಲ್ಲ ಕೇಳಿ, "ನೀರಿನ ಮಾತು ನಾನೇ ಹೇಳ್ನಿಲ್ವೇನೋ ಕಣಪ್ಪ" ಎಂದರು.

"ಹೇಳಿದ್ರಿ ಕಣ್ರೀ! ನಾನು ಪಕ್ಕದಲ್ಲೇ ಇರ್ನಿಲ್ವಾ?" ಎಂದು ಅಕ್ಕ ಒಲೆಯ ಮುಂದಿನಿಂದಲೇ ಕೂಗಿದಳು.

"ಅಷ್ಟು ಸಲ ನೋಡಿದ್ನಲ್ಲ. ಒಂದ್ಸಲನೂ ಬರ್ನಿಲ್ಲ."

ಜೊತೆಯಲ್ಲಿ ಬಾಳಿದ ಹೆಂಡತಿಯ ಮಾತಿಗಿಂತ ಅವರಿಗೆ ಆ ಪೆಟ್ಟಿಗೆ ಹೆಚ್ಚಾಗಿತ್ತು. ನಾನು ಯಾರ ಮೇಲೆ ಅಂತ ಕೂಗಾಡಲಿ?

ಹಬ್ಬ ಕಳೆದದ್ದೇ ಭಾವ ತಮ್ಮ ರಾಶಿಯನ್ನೂ ಇಳಿಸಲು ನಿಂತರು. ಅಕ್ಕ ಅತ್ತಳು. ನಾನು ಏಣಿಗೆ ಅಡ್ಡ ನಿಂತು, "ಬ್ಯಾಡಿ ಭಾವ, ಯುಗಾದಿವರೆಗೆ ತಡೀರಿ" ಅಂದೆ. "ಇಟ್ಕಂಡಿದ್ರೆ ಕಳ್ಳ ಅಂತಾರೆ. ಮಾರಿಬುಡಾನ, ಹೋಗ್ಲಿ" ಎಂದು ನನ್ನನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದರು. ಒಡೆಯುವಾಗ ತಿರುಳು ಚಿಪ್ಪಿಗೆ ಅಂಟಿಕೊಂಡು ಹೋಳುಹೋಳಾಗಿ ಬಂತು. ಇಡಿಯಾಗಿ ಬಂದಷ್ಟನ್ನು ಮೂಟೆ ಕಟ್ಟಿ ತಿಪಟೂರಿಗೆ ತಂದರು. ನಾನೂ ಜೊತೆಗೆ ಹೋದೆ.

ಅವರ ಕೊಬ್ಬರಿ ಕೊಳ್ಳುತ್ತಿದ್ದ ಮಂಡಿಯ ಸಾಹೇಬರು ಮೂಟೆ ಬಿಚ್ಚಿ ನೋಡದೆ, "ಹಾಕ್ರೋ, ಒಂದನೇ ದರ್ಜೆ ಕಡೆ" ಎಂದು ಹಮಾಲರಿಗೆ ಹೇಳಿದರು. ಭಾವ ಮೂಟೆಯ ಮೇಲೆ ಕೈಯಿಟ್ಟು ತಡೆದರು.

"ಬ್ಯಾಡಿ ಸಾಹೇಬ್ರೇ. ಹಸಿ ಐತೆ."

ಸಾಹೇಬರು ನಕ್ಕರು. ಭಾವ ನಗಲಿಲ್ಲ. ಮೂಟೆಯ ಬಾಯಿ ಬಿಚ್ಚಿ ಒಂದು ಉಂಡೆ ತೆಗೆದು ಅವರ ಕೈಗಿಟ್ಟರು. ಹೆಬ್ಬೆರಳಿನಿಂದ ಒತ್ತಿ ನೋಡಿದ ಸಾಹೇಬರ ನಗು ನಿಂತಿತು.

"ಟೀವೀಲಿ ಬಂದಿದ್ದು ನಾನೂ ನೋಡ್ದೆ ಯಜಮಾನ್ರೇ" ಎಂದರು. "ನಾನೇ ನಂಬ್ಲಿಲ್ಲ. ನೀವ್ಯಾಕ್ರೀ ನಂಬಿದ್ರಿ?"

ಭಾವ ಮೂಟೆಯ ಬಾಯಿಯನ್ನು ಮತ್ತೆ ಕಟ್ಟಿದರು. ಹಮಾಲ ಬಂದು ಮೂಟೆಯನ್ನು ಕಡೇ ದರ್ಜೆಯ ಕಡೆಗೆ ಎಳೆದುಕೊಂಡು ಹೋದ.