ಕುಂಬಳದ ಹೂವಿಗೆ ಕೆಂಪು ದಾರ

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ಇವತ್ತು ನೀರು ಬೆರೆಸಿದ್ದಾನೆ ಅಂದುಕೊಳ್ಳುವವಳು ನಾನು. ಅಂಥವಳ ಕೈಗೆ ಅಮ್ಮ ಸಾಯುವ ಮುಂಚೆ ಕೊಟ್ಟದ್ದು ಸಿಹಿಗುಂಬಳದ ಮೂರು ಬೀಜ. ಆ ತಳಿ ಈಗ ನಮ್ಮೂರಿನಲ್ಲಿ ಯಾರ ಮನೆಯಲ್ಲೂ ಇಲ್ಲ. ಚಂದ್ರಾ ಲೇಔಟಿನ ನಮ್ಮ ಟೆರೇಸಿನ ಡ್ರಮ್ಮಿನಲ್ಲಿ ಮೂರನ್ನೂ ಊರಿದೆ, ಮೊಳೆತದ್ದು ಒಂದೇ.

ಅಮ್ಮ ಬೆಳಗ್ಗೆ ಎದ್ದು ಕುಂಬಳದ ಹೂವಿಗೆ ಮದುವೆ ಮಾಡುತ್ತಿದ್ದಳು. ಗಂಡು ಹೂ ಕಿತ್ತು ಅದರ ಪುಡಿಯನ್ನು ಹೆಣ್ಣು ಹೂವಿಗೆ ತಾಗಿಸಿ, ಬೇರೆ ತಳಿಯ ಪುಡಿ ಹೊತ್ತ ಜೇನು ನುಗ್ಗದಂತೆ ಬಾಯಿಗೆ ದಾರ ಕಟ್ಟುವುದು. ಬೀಜ ಬೆರಕೆಯಾಗಬಾರದಲ್ಲ. ನಾನೂ ಹಾಗೇ ಮಾಡಬೇಕೆಂದು ಗಂಡು ಹೂಗಳನ್ನು ದಿನಾ ನೋಡಿಕೊಳ್ಳುತ್ತಿದ್ದೆ. ಅವು ಒಂದೊಂದಾಗಿ ಮಾಯವಾಗತೊಡಗಿದವು.

ಪಕ್ಕದ ಮನೆಯ ಆಂಟಿಯ ಟೆರೇಸಿಗೂ ನಮ್ಮದಕ್ಕೂ ನಡುವೆ ಮೊಣಕಾಲೆತ್ತರದ ಗೋಡೆ. ಅವರಲ್ಲೂ ಒಂದು ಕುಂಬಳ, ನರ್ಸರಿಯಿಂದ ತಂದ ಹೈಬ್ರಿಡ್. ಅಮ್ಮನ ತಳಿಯ ಮೇಲೆ ಕಣ್ಣು ಬಿದ್ದಿರಬೇಕು!

"ಯಾರೋ ನಮ್ಮ ಹೂ ಕದೀತಿದಾರೆ ಆಂಟಿ," ಎಂದೆ, ಅವರ ಮುಖವನ್ನೇ ನೋಡುತ್ತಾ.

ಅವರು ಹೆಗಲ ಮೇಲಿನ ಸೆರಗು ಸರಿಮಾಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು, ಅಂದುಕೊಂಡೆ.

ಹೂ ತಿನ್ನುತ್ತಿದ್ದದ್ದು ಅಳಿಲು ಎಂದು ನಾಲ್ಕು ದಿನದ ಮೇಲೆ ಕಣ್ಣಾರೆ ಕಂಡೆ. ಹೋಗಿ ಹೇಳಲಿಲ್ಲ. ನಾಚಿಕೆ ಒಂದು ಕಡೆ. ಅಳಿಲಿನ ಜೊತೆ ಆಂಟಿಯೂ ಕಿತ್ತಿರಬಹುದೆಂಬ ಗುಮಾನಿ ಇನ್ನೊಂದು ಕಡೆ.

ಹೆಣ್ಣು ಮೊಗ್ಗುಗಳೆಲ್ಲ ಅರಳುವ ಮೊದಲೇ ಹಳದಿಯಾಗಿ ಉದುರಿದವು. ಗಟ್ಟಿಯಾಗಿ ನಿಂತದ್ದು ಒಂದೇ. ಅಷ್ಟರಲ್ಲಿ ಕುರುಬರಹಳ್ಳಿಯಲ್ಲಿ ತಂಗಿಯ ಮಗುವಿನ ನಾಮಕರಣ ಬಂತು, ಒಂದು ರಾತ್ರಿ ಉಳಿಯಲೇಬೇಕಾಯಿತು. ಮರುದಿನ ಮಧ್ಯಾಹ್ನ ಬಂದು ನೋಡಿದರೆ ಆ ಹೂವು ಅರಳಿ ಮುಗಿದಿತ್ತು, ಬಾಯಿಗೆ ಕೆಂಪು ದಾರ. ಪಕ್ಕದಲ್ಲೇ ನಮ್ಮ ಎರಡು ಗಂಡು ಹೂ ಹಾಗೇ ಬಾಡಿದ್ದವು.

"ನಾನೇ ಕಣಮ್ಮ ಕಟ್ಟಿದ್ದು," ಎಂದರು ಆಂಟಿ ಗೋಡೆಯಾಚೆಯಿಂದ. "ನೀನಿರ್ಲಿಲ್ಲ. ಪಾಪ, ಸುಮ್ನೆ ಉದುರೋಗುತ್ತಲ್ಲ ಅಂತ ಹೂ ಮುಟ್ಟಿಸ್ದೆ."

"ಯಾವ ಗಿಡದ ಹೂ ಆಂಟಿ?"

"ನಮ್ಮದೇ. ನಿಮ್ಮ ಹೂ ಕಿತ್ರೆ ಮತ್ತೆ ಕಳ್ಳಿ ಅಂತೀಯಲ್ಲ, ಅದಕ್ಕೆ."

ಆಮೇಲೆ ಬಳ್ಳಿ ಇನ್ನೊಂದು ಹೆಣ್ಣು ಹೂ ಬಿಡಲಿಲ್ಲ.

ಕಾಯಿ ಮಾತ್ರ ಅಮ್ಮನ ಕುಂಬಳದ ಹಾಗೇ ಬಲಿಯಿತು, ಅದೇ ಬಣ್ಣ, ಅದೇ ಗಾತ್ರ. ಅರ್ಧ ಹೆಚ್ಚಿ ಆಂಟಿಗೆ ಕೊಟ್ಟೆ. ಅಳಿಲಿನ ವಿಷಯವನ್ನು ಅವತ್ತು ಹೇಳಿದೆ. ಮನೆಗೆ ಬಂದು ಬೆರಕೆಯಾದ ಬೀಜವನ್ನೆಲ್ಲ ಸಿಪ್ಪೆಯ ಜೊತೆ ಕಸದ ಬುಟ್ಟಿಗೆ ಹಾಕಿದೆ.