ನಲ್ಲ ಟೀಚರ್

ತೆಲುಗು ನಾಡಿನ ದುವ್ವಾಡದ ಹತ್ತಿರದ ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತಕ್ಕೆ ನಾವಿಬ್ಬರು. ಗುರುತಿಗೆಂದು ಮಕ್ಕಳು ಇನ್ನೊಬ್ಬರನ್ನು ತೆಲ್ಲ ಟೀಚರ್, ನನ್ನನ್ನು ನಲ್ಲ ಟೀಚರ್ ಎನ್ನುತ್ತಿದ್ದರು. ಬಿಳಿ ಟೀಚರ್, ಕರಿ ಟೀಚರ್. ಕ್ರಮೇಣ ಸ್ಟಾಫ್ ರೂಮಿನಲ್ಲೂ ಅದೇ ಹೆಸರಾಯಿತು. ದಾವಣಗೆರೆಯಿಂದ ಬಂದಿದ್ದ ಅಜ್ಜಿ ಒಮ್ಮೆ ನಾನು ಮರೆತ ಊಟದ ಡಬ್ಬಿ ತಂದಾಗ, ಅಟೆಂಡರ್ ನನ್ನನ್ನು ಹಾಗೆ ಕೂಗಿದ್ದು ಅವಳ ಕಿವಿಗೆ ಬಿತ್ತು.

"ನಲ್ಲೆ ಅಂತಾನಲ್ಲೇ ಆ ಮುದುಕ! ನಾಚಿಕೆ ಬ್ಯಾಡೇನು ಅವಂಗೆ?"

ಇದು ತೆಲುಗು, ಆ ಅರ್ಥವಲ್ಲ ಎಂದೆ. ಯಾವ ಅರ್ಥವೆಂದು ಹೇಳಲಿಲ್ಲ.

ವರ್ಷ ಮುಗಿದ ಮೇಲೆ ಕೆಲಸ ಬಿಡುವುದೆಂದು ಆಗಲೇ ನಿರ್ಧರಿಸಿದ್ದೆ. ದುಃಖವೇನೂ ಇರಲಿಲ್ಲ. ಪಾಠ ಮಾಡುತ್ತಿದ್ದೆ, ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ.

ಆ ನಡುವೆ ವಿಜಯವಾಡದಲ್ಲಿ ಒಂದು ತರಬೇತಿ. ಹೆಂಗಸರು ಈ ವೃತ್ತಿಯನ್ನೇಕೆ ಬಿಡುತ್ತಾರೆ ಎಂಬ ಚರ್ಚೆ. ಚಿಲಕವಿಲ್ಲದ ಶೌಚಾಲಯ, ಸಿಗದ ಬಸ್ಸು, ಹಾಲು ಕುಡಿಯುವ ಮಗು ಎಂದು ಒಬ್ಬೊಬ್ಬರೂ ಹೇಳಿದರು. ಎಲ್ಲವೂ ನಿಜ. ಪಕ್ಕದಲ್ಲಿ ಕೂತಿದ್ದ, ನನಗಿಂತ ಕಪ್ಪಗಿದ್ದ ಹಿರಿಯ ಟೀಚರೊಬ್ಬರು ಕೇಳಿದರು: "ನಿನಗೇನೂ ಇಲ್ಲವಾ ಅಮ್ಮಾ?"

"ಶಾಲೆಯಲ್ಲಿ ನನಗೆ ಹೆಸರಿಲ್ಲ."

"ನಲ್ಲ ಟೀಚರಾ?" ಎಂದರು ತಕ್ಷಣ. "ನಾನೂ ಅದೇ. ನಮ್ಮ ಹೆಡ್ ಮೇಡಂ ಇದ್ದರು ನೋಡು, ಯಾರಾದರೂ ಹಾಗಂದರೆ ಕಿವುಡಿಯ ಹಾಗೆ ಕೂರುತ್ತಿದ್ದರು. ಸರಿಯಾಗಿ ಹೆಸರು ಹೇಳುವ ತನಕ ಕೆಲಸವೇ ನಡೆಯುತ್ತಿರಲಿಲ್ಲ. ನಿಮ್ಮ ಮೇಡಂಗೂ ಹೇಳಿ ನೋಡು."

ವಾಪಸು ಬಂದು, ಈ ಹೆಸರಿನಿಂದಲೇ ಕೆಲಸ ಬಿಡುತ್ತಿದ್ದೇನೆಂದು ನಮ್ಮ ಹೆಡ್‌ಮಿಸ್ಟ್ರೆಸ್‌ಗೆ ಹೇಳಿದೆ. ಅವರು ನಕ್ಕರು. "ಇಷ್ಟಕ್ಕೇನಾ ತಲ್ಲೀ? ಕುಳ್ಳಿ ಅಂತ ನನ್ನನ್ನು ಪೊಟ್ಟಿ ಮೇಡಂ ಅಂತಾರೆ. ನಾನು ಓಡಿಹೋದೆನಾ?" ನಾನೂ ನಕ್ಕೆ.

ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಅಟೆಂಡರ್ ಕೂಗಿದ: "ನಲ್ಲ ಟೀಚರ್, ಟೀ!"

ನಾನು ತಲೆಯೆತ್ತಲಿಲ್ಲ. ಆತ ಇನ್ನೊಮ್ಮೆ ಕೂಗಿದ. ಎದುರಿಗಿದ್ದ ತೆಲ್ಲ ಟೀಚರ್ ಪೆನ್ನು ಕೆಳಗಿಟ್ಟು ನನ್ನ ಹೆಸರನ್ನು ಪೂರ್ತಿಯಾಗಿ, ಇನಿಷಿಯಲ್ ಸಮೇತ ಹೇಳಿದರು. "ಹಾಗೆ ಕರೆ, ಬಾಬಾಯ್. ನನ್ನನ್ನೂ ಹೆಸರು ಹಿಡಿದು ಕರೆ. ತೆಲ್ಲ, ತೆಲ್ಲ ಅಂತ ನಾನೇನು ಸುಣ್ಣದ ಗೋಡೆಯಾ?"

ಯಾರೋ ಕಿಸಕ್ಕೆಂದರು. ಅಟೆಂಡರ್ ಗೊಣಗುತ್ತಲೇ ನನ್ನ ಹೆಸರು ಹೇಳಿದ, ಅರ್ಧ ತಪ್ಪಾಗಿ. ನಾನು ಟೀ ತೆಗೆದುಕೊಂಡೆ. ಸಂತೋಷವಾಯಿತೇ ಎಂದು ನನ್ನೊಳಗೆ ಹುಡುಕಿದೆ, ಏನೂ ಸಿಗಲಿಲ್ಲ. ಆದರೆ ಮುಂದಿನ ವರ್ಷ ಹತ್ತನೇ ತರಗತಿಯನ್ನು ಹಂಚಿಕೊಳ್ಳೋಣವಾ ಎಂದು ಆಕೆ ಕೇಳಿದಾಗ, ಬೀಜಗಣಿತ ನನಗಿರಲಿ ಎಂದೆ.